ಈ ಬುಕ್ಕು ಎಲ್ಲಿಗೆ ಹೋಗುತ್ತೆ?

ಇತಿಹಾಸ ಓದಿದವರ ಮುಂದೆ ನಮ್ಮೂರು ವಕ್ಕಲೇರಿ ಎಂದರೆ ಸಾಕು, ‘ಓ, ತಾಮ್ರಶಾಸನದ ವಕ್ಕಲೇರಿಯಾ?’ ಎಂದು ಕೇಳುತ್ತಾರೆ. ಬಾದಾಮಿ ಚಾಲುಕ್ಯರ ಕೊನೆಯ ಅರಸ ಇಮ್ಮಡಿ ಕೀರ್ತಿವರ್ಮ ಕ್ರಿ.ಶ. 757ರಲ್ಲಿ ಬರೆಸಿದ ತಾಮ್ರಪಟಗಳು ಸಿಕ್ಕಿದ್ದು ನಮ್ಮೂರಲ್ಲಿ. ಅರಸ ಬೀಡುಬಿಟ್ಟಿದ್ದು ಭೀಮಾ ನದಿಯ ದಂಡೆಯಲ್ಲಿ, ದಾನ ಕೊಟ್ಟ ಹಳ್ಳಿ ಹಾನಗಲ್ಲಿನ ಕಡೆಯದು, ಪಟಗಳು ಮಾತ್ರ ಕೋಲಾರದ ಈ ಬೆಟ್ಟದ ಸೀಮೆಗೆ ಬಂದು ಸೇರಿದ್ದವು. ಕೀರ್ತಿವರ್ಮನ ತಂದೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದೂ ಅದನ್ನು ಹಾಳುಗೆಡವದೆ, ಅಲ್ಲಿನ ರಾಜಸಿಂಹೇಶ್ವರ ದೇವಾಲಯಕ್ಕೆ ಹೊನ್ನು ಒಪ್ಪಿಸಿ ಬಂದ ಸಂಗತಿ ಆ ಪಟಗಳಲ್ಲಿದೆ. ಬಿ.ಎಲ್. ರೈಸ್ ಆ ಶಾಸನವನ್ನು 1879ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದರು. ಆಮೇಲೆ ಜರ್ಮನಿಯ ಕೀಲ್‌ಹಾರ್ನ್ ಅದನ್ನೇ ಮತ್ತೆ ಪರಿಷ್ಕರಿಸಿ ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಹಾಕಿಸಿದರು.

ಇದೆಲ್ಲ ನನಗೆ ತಿಳಿದದ್ದು ಬೆಂಗಳೂರಿನ ಜ್ಞಾನಭಾರತಿಯಲ್ಲಿ ಎಂ.ಎ. ಓದುವಾಗ, ಮಲೆನಾಡಿನಿಂದ ಬಂದಿದ್ದ ಇತಿಹಾಸದ ವಿದ್ಯಾರ್ಥಿಯೊಬ್ಬನ ಬಾಯಿಂದ. ಊರಿನ ಶಾಲೆಯಲ್ಲಿ ನಮಗೆ ಚಾಲುಕ್ಯರನ್ನು ಕಲಿಸಿದ್ದರು, ಪುಲಿಕೇಶಿಯ ಮೇಲೆ ಪ್ರಬಂಧ ಬರೆಸಿದ್ದರು. ಮಾರ್ಕಂಡೇಶ್ವರ ಬೆಟ್ಟದ ಕೆಳಗೆ ಕೂತು ಅದನ್ನು ಬಾಯಿಪಾಠ ಮಾಡುತ್ತಿದ್ದ ನಮಗೆ, ಆ ವಂಶದ ಕಥೆ ಬರೆಯಲು ವಿದ್ವಾಂಸರು ನಮ್ಮೂರ ಹೆಸರಿನ ಪಟವನ್ನೇ ಆಧಾರವಾಗಿಟ್ಟುಕೊಂಡಿದ್ದಾರೆ ಎಂದು ಯಾರೂ ಹೇಳಿರಲಿಲ್ಲ. ಮೇಷ್ಟರಿಗೂ ಗೊತ್ತಿರಲಿಲ್ಲ, ಅವರ ತಪ್ಪೇನೂ ಇಲ್ಲ. ಊರಿಂದ ಹೊರಟ ತಿಳಿವಳಿಕೆ ಊರಿಗೆ ವಾಪಸು ಬರುವ ದಾರಿಯೇ ಇರಲಿಲ್ಲ.

ಮುಂದೆ ನಾನು ಅರ್ಥಶಾಸ್ತ್ರದ ಮೇಷ್ಟರಾದೆ. ಬಯಲುಸೀಮೆಯ ಬೇರೆ ಬೇರೆ ಊರುಗಳಲ್ಲಿ ಪದವಿ ತರಗತಿಗಳಿಗೂ ಸ್ನಾತಕೋತ್ತರ ತರಗತಿಗಳಿಗೂ ಪಾಠ ಹೇಳಿ ನಿವೃತ್ತನಾದೆ. ಆ ವೃತ್ತಿಯ ದ್ವಿತೀಯಾರ್ಧದಲ್ಲಿ ನಮ್ಮ ಮೇಲೆ ಬಂದು ಬಿದ್ದ ಮಾತು ‘ಜ್ಞಾನಾಧಾರಿತ ಆರ್ಥಿಕತೆ’. ಅದರ ಬಗ್ಗೆ ನನ್ನ ಸಹೋದ್ಯೋಗಿಗಳೂ ನಾನೂ ಏನು ತಿಳಿದುಕೊಂಡೆವು, ಏನು ಮಾಡಿದೆವು ಎಂಬುದನ್ನು ಬರೆದಿಡಬೇಕು ಅನ್ನಿಸಿದೆ.

ಮಾತು ಹೊಸದೇನಲ್ಲ. ಪೀಟರ್ ಡ್ರಕರ್ 1969ರಲ್ಲೇ ಅದನ್ನು ಜನಬಳಕೆಗೆ ತಂದಿದ್ದರು. ಅದಕ್ಕೂ ಮೊದಲು, 1962ರಲ್ಲಿ, ಫ್ರಿಟ್ಜ್ ಮಾಕ್‌ಲಪ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದಲ್ಲಿ ಜ್ಞಾನದ ಉತ್ಪಾದನೆ ಮತ್ತು ಹಂಚಿಕೆಯನ್ನು ಲೆಕ್ಕ ಹಾಕಿ ದೊಡ್ಡ ಪುಸ್ತಕವನ್ನೇ ಬರೆದಿದ್ದರು. ನಮ್ಮ ಕಡೆಗೆ ಅದು ಬಂದದ್ದು ತಡವಾಗಿ. 2005ರಲ್ಲಿ ವಿಶ್ವಬ್ಯಾಂಕು ಭಾರತ ಮತ್ತು ಜ್ಞಾನ ಆರ್ಥಿಕತೆಯ ಬಗ್ಗೆ ವರದಿ ತಂದಿತು. ಅದೇ ವರ್ಷ ಸ್ಯಾಮ್ ಪಿತ್ರೋಡಾ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಜ್ಞಾನ ಆಯೋಗ ಆಯಿತು, 2008ರಲ್ಲಿ ಕಸ್ತೂರಿರಂಗನ್ ಅವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಜ್ಞಾನ ಆಯೋಗ ಬಂತು. ಆಮೇಲೆ ಪುನಶ್ಚೇತನ ಶಿಬಿರಕ್ಕೆ ಹೋದರೆ ಅದೇ ಮಾತು, ವಿಚಾರ ಸಂಕಿರಣಕ್ಕೆ ಹೋದರೆ ಅದೇ ಮಾತು. ಪರದೆಯ ಮೇಲೆ ಒಂದು ಚಿತ್ರ ಬೀಳುತ್ತಿತ್ತು: ಒಂದು ಕಡೆ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಉದ್ಯಮ, ನಡುವೆ ಒಂದು ಬಾಣ, ಬಾಣದ ಮೇಲೆ ‘ಮಾನವ ಸಂಪನ್ಮೂಲ’ ಎಂಬ ಬರಹ. ಅಧ್ಯಾಪಕ ಆ ಬಾಣದ ಹಿಂದೆ ಎಲ್ಲೋ ಇರುತ್ತಿದ್ದ.

ಊಟದ ವೇಳೆಗೆ ಜೊತೆಯವರನ್ನು ನಾನು ಕೇಳುತ್ತಿದ್ದೆ, ನಿಮಗೇನು ಅನ್ನಿಸಿತು ಅಂತ. ವಾಣಿಜ್ಯಶಾಸ್ತ್ರದವರು ಕಂಪ್ಯೂಟರ್ ಕಲಿಸಬೇಕು, ಟ್ಯಾಲಿ ಕಲಿಸಬೇಕು ಎನ್ನುತ್ತಿದ್ದರು. ಕನ್ನಡ ವಿಭಾಗದವರಿಗೆ ಇದು ತಮಗೆ ಸಂಬಂಧಿಸಿದ್ದೇ ಅಲ್ಲ ಎಂಬ ನೋವು. ವಿಜ್ಞಾನದವರು ಪೇಟೆಂಟಿನ ಮಾತಾಡುತ್ತಿದ್ದರು, ತಮ್ಮ ಪ್ರಯೋಗಾಲಯದಲ್ಲಿ ಗ್ಯಾಸು ಬಂದು ಎಷ್ಟು ತಿಂಗಳಾಯಿತು ಎಂದೂ ಅದೇ ಉಸಿರಿನಲ್ಲಿ ಹೇಳುತ್ತಿದ್ದರು. ಹಿರಿಯರೊಬ್ಬರು ‘ನಾವು ಇಷ್ಟು ದಿನ ಮಾಡಿದ್ದು ಜ್ಞಾನವಲ್ಲದೆ ಮತ್ತೇನು?’ ಎಂದು ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಅದು ಗರ್ವದ ಪ್ರಶ್ನೆಯಾಗಿರಲಿಲ್ಲ, ಅವರಿಗೆ ನಿಜಕ್ಕೂ ಉತ್ತರ ಬೇಕಿತ್ತು. ನಮ್ಮಲ್ಲಿ ಬಹುಪಾಲು ಜನ ಜ್ಞಾನ ಆರ್ಥಿಕತೆಯನ್ನು ಬೆಂಗಳೂರಿನ ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ನಡೆಯುವ ವ್ಯವಹಾರ ಎಂದುಕೊಂಡಿದ್ದರು. ಹುಡುಗರನ್ನು ಆ ಕಡೆಯ ಬಸ್ಸು ಹತ್ತಿಸುವುದೇ ನಮ್ಮ ಪಾತ್ರ ಎಂಬುದು ಅವರ ತಿಳಿವಳಿಕೆ.

ನನಗೆ ಹಾಗೆ ಅನ್ನಿಸದೇ ಇರುವುದಕ್ಕೆ ನಮ್ಮ ಮನೆಯ ರೇಷ್ಮೆ ಹುಳುವೇ ಕಾರಣ.

ಅಮ್ಮ ಓದಿದವಳಲ್ಲ. ಆದರೆ ಹುಳು ಮನೆಯೊಳಗೆ ಅವಳ ಮಾತೇ ನಡೆಯುತ್ತಿತ್ತು. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಪೊರೆ ಬಿಟ್ಟು ಏಳುತ್ತದೆ. ಜ್ವರಕ್ಕೆ ಕೂರುವ ಹೊತ್ತನ್ನು ಹಿಡಿಯುವುದೇ ಕಸುಬು. ಹುಳುವಿನ ತಲೆ ಚಿಕ್ಕದಾಗಿ ಕಾಣಬೇಕು, ಮೈ ಬಿಗಿಯಾಗಿ ಹೊಳೆಯಬೇಕು, ಸೊಪ್ಪು ಹಾಕಿದರೂ ಕತ್ತೆತ್ತಿ ಸುಮ್ಮನೆ ನಿಂತಿರಬೇಕು. ಆಗ ಸೊಪ್ಪು ನಿಲ್ಲಿಸಿ, ಹಾಸಿಗೆ ಒಣಗಿರಲಿ ಎಂದು ಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಬೇಕು. ಅರ್ಧ ಹುಳು ಎದ್ದಿವೆ, ಅರ್ಧ ಎದ್ದಿಲ್ಲ ಎನ್ನುವಾಗ ಅವಸರಪಟ್ಟು ಸೊಪ್ಪು ಹಾಕಿದರೆ ಕೊನೆಗೆ ಎಲ್ಲವೂ ಏರುಪೇರು. ನಾಲ್ಕನೇ ಜ್ವರ ಎದ್ದ ಮೇಲೆ ಹುಳುವಿಗೆ ಹಗಲಿಲ್ಲ ರಾತ್ರಿಯಿಲ್ಲ. ಇಡೀ ಬೆಳೆ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಆ ಒಂದು ವಾರದಲ್ಲೇ ಹೋಗುತ್ತದೆ. ಹಣ್ಣಾದ ಹುಳುವನ್ನು ಅಮ್ಮ ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದಳು. ಕತ್ತಿನ ಹತ್ತಿರ ಮೈ ಪಾರಕವಾಗಿ, ಒಳಗೆ ಹಳದಿ ಛಾಯೆ ಕಂಡರೆ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದು, ಇಲ್ಲವಾದರೆ ಇನ್ನೊಂದು ಹೊತ್ತಿನ ಸೊಪ್ಪು. ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು, ಗಂಟುರೋಗ ಎಲ್ಲವನ್ನೂ ಅವಳು ಹುಳುವಿನ ನಡಿಗೆಯಲ್ಲೇ ಗುರುತಿಸುತ್ತಿದ್ದಳು. ಹಾಲುತೊಂಡೆ ಹಿಡಿದ ಹುಳು ತಟ್ಟೆಯ ಅಂಚಿಗೆ ಹೋಗಿ ತಿರುಗುತ್ತದೆ ಎಂದು ನನಗೆ ತೋರಿಸಿದ್ದು ಅವಳೇ.

ಆಗ 1980ರ ಸುಮಾರು. ಬಂಗಾಳದ ಕಡೆಯಿಂದ ಬಂದ ಊಜಿ ನೊಣ ಕರ್ನಾಟಕದ ರೇಷ್ಮೆ ಸೀಮೆಗೆ ಕಾಲಿಟ್ಟಿತು. ಹುಳುವಿನ ಮೈಮೇಲೆ ಬಿಳಿ ಮೊಟ್ಟೆ, ಎರಡು ದಿನಕ್ಕೆ ಅದೇ ಜಾಗದಲ್ಲಿ ಕಪ್ಪು ಮಚ್ಚೆ, ಕೊನೆಗೆ ಗೂಡು ಕೊರೆದು ಹೊರಬರುವ ಹುಳ. ತೂತು ಬಿದ್ದ ಗೂಡಿನಿಂದ ನೂಲು ತೆಗೆಯಲಾಗದು. ಊರಿಗೆ ಊರೇ ಕೈಚೆಲ್ಲಿ ಕೂತಿತ್ತು. ನಮ್ಮಮ್ಮನ ತಿಳಿವಳಿಕೆ ಅಲ್ಲಿ ಸಾಲಲಿಲ್ಲ, ಏಕೆಂದರೆ ಆ ಶತ್ರು ಈ ನೆಲಕ್ಕೆ ಹೊಸಬ. ಆಗ ಕೆಲಸಕ್ಕೆ ಬಂದವರು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು, ತಲಘಟ್ಟಪುರದ ರಾಜ್ಯ ಸಂಸ್ಥೆಯವರು. ಹುಳು ಮನೆಯ ಕಿಟಕಿ ಬಾಗಿಲಿಗೆ ನೈಲಾನ್ ಬಲೆ ಕಟ್ಟಿಸಿದರು. ಮುಂದೆ ಊಜಿಯ ಕೋಶದೊಳಗೇ ಮೊಟ್ಟೆಯಿಟ್ಟು ಅದನ್ನು ತಿಂದುಹಾಕುವ ನೆಸೊಲಿಂಕ್ಸ್ ಎಂಬ ಚಿಕ್ಕ ಕಣಜವನ್ನು ಬೆಳೆಸಿ, ಚೀಲದಲ್ಲಿ ಕಟ್ಟಿ ರೈತರಿಗೆ ಹಂಚಿದರು. ಮೈಸೂರಿನ ಸಂಸ್ಥೆಯಿಂದ ವಿ-1 ಹಿಪ್ಪುನೇರಳೆ ಬಂತು, ಸಿಎಸ್‌ಆರ್ ಹುಳು ತಳಿಗಳು ಬಂದವು. ಹಳ್ಳಿಯವರ ಕಣ್ಣೂ ವಿಜ್ಞಾನಿಗಳ ಸೂಕ್ಷ್ಮದರ್ಶಕವೂ ಒಂದೇ ತಟ್ಟೆಯ ಮೇಲೆ ಬಾಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಜ್ಞಾನ ದುಡ್ಡಾಗುವುದು, ದುಡ್ಡು ಮನೆಗೆ ಬರುವುದು ಅಂದರೆ ಇದೇ. ವಿಶ್ವಬ್ಯಾಂಕಿನ ವರದಿಗೂ ಮೊದಲೇ ಕೋಲಾರ ಜಿಲ್ಲೆಯಲ್ಲಿ ಅದು ನಡೆದಿತ್ತು.

ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ ಇನ್ನೂ ದೊಡ್ಡ ಸಂಗತಿಯಿದೆ. ಕೆಜಿಎಫ್ ಎಂದರೆ ಚಿನ್ನ ಎನ್ನುತ್ತೇವೆ. ಅದೇ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಹಿಡಿದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯ ಮೂರೂ ಸೇರಿ ಮಾಡಿದ ಕೆಲಸ. ಅದಕ್ಕೂ ಮೊದಲು 1950ರ ದಶಕದ ಆರಂಭದಲ್ಲೇ ಹೋಮಿ ಭಾಭಾ ಅವರ ಶಿಷ್ಯರಾಗಿದ್ದ ನಮ್ಮ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಗಣಿಗಿಳಿದು ಕಾಸ್ಮಿಕ್ ಕಿರಣ ಅಳೆದಿದ್ದರು. ಅಷ್ಟು ಆಳಕ್ಕೆ ಆ ಯಂತ್ರಗಳನ್ನು ಇಳಿಸಿ, ಬಂಡೆಯ ಒತ್ತಡಕ್ಕೆ ಆಸರೆ ಕೊಟ್ಟು, ಬಿಸಿ ಗಾಳಿಯಲ್ಲಿ ಕೆಲಸ ಸಾಗುವಂತೆ ಮಾಡಿದವರು ಗಣಿಯ ಕಾರ್ಮಿಕರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆ ಕಾರ್ಮಿಕರ ಮಕ್ಕಳು ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸಾಗುತ್ತಾರೆ. ಆ ಮಕ್ಕಳು ನನ್ನ ತರಗತಿಯಲ್ಲೂ ಇದ್ದರು. ಅವರ ಅಪ್ಪಂದಿರು ಯಾವ ಪ್ರಯೋಗಕ್ಕೆ ಹೆಗಲು ಕೊಟ್ಟಿದ್ದರು ಎಂದು ನಾನು ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ನಿಜವಾ ಸಾರ್?’ ಎಂದು ಎರಡು ಸಲ ಕೇಳಿದ.

ಕಲ್ಲು ಕಲ್ಲಾಗಿದ್ದ ಈ ನೆಲದಲ್ಲಿ ಇಷ್ಟೆಲ್ಲ ನಡೆಯುವಾಗ ವಿಶ್ವವಿದ್ಯಾಲಯದ ಮೇಷ್ಟರು ಎಲ್ಲಿದ್ದೆವು? ಪಾಠ ಮಾಡುತ್ತಿದ್ದೆವು. ಚೆನ್ನಾಗಿಯೇ ಮಾಡುತ್ತಿದ್ದೆವು ಎಂದು ಹೇಳಬಲ್ಲೆ. ಆದರೆ ನಮ್ಮ ಪಠ್ಯಕ್ರಮದಲ್ಲಿ ಕೇನ್ಸ್ ಇದ್ದರು, ಸ್ಯಾಮುಯೆಲ್ಸನ್ ಇದ್ದರು, ಗೂಡಿನ ಮಾರುಕಟ್ಟೆ ಇರಲಿಲ್ಲ. ಬೆಳಗ್ಗೆ ಗೂಡು ಹರಾಜು ಮುಗಿಸಿಕೊಂಡು, ತಲೆಯಲ್ಲಿ ಇವತ್ತಿನ ರೇಟು ಇಟ್ಟುಕೊಂಡೇ ತರಗತಿಗೆ ಬರುತ್ತಿದ್ದ ಹುಡುಗನಿಗೆ ನಾವು ಬೇಡಿಕೆ-ಪೂರೈಕೆಯ ರೇಖೆಯನ್ನು ಅಮೆರಿಕದ ಗೋಧಿಯ ಉದಾಹರಣೆ ಕೊಟ್ಟು ವಿವರಿಸುತ್ತಿದ್ದೆವು.

2010ರಲ್ಲಿ ಯುಜಿಸಿ ಹೊಸ ನಿಯಮ ತಂದಿತು. ಬಡ್ತಿಗೆ ಎಪಿಐ ಎಂಬ ಶೈಕ್ಷಣಿಕ ಸಾಧನಾ ಸೂಚ್ಯಂಕದ ಅಂಕ ಬೇಕಾಯಿತು. ಲೇಖನಕ್ಕೆ ಇಷ್ಟು, ವಿಚಾರ ಸಂಕಿರಣಕ್ಕೆ ಇಷ್ಟು, ಅಂತಾರಾಷ್ಟ್ರೀಯ ಎಂದಿದ್ದರೆ ಇನ್ನಷ್ಟು. ಉದ್ದೇಶ ಕೆಟ್ಟದ್ದಾಗಿರಲಿಲ್ಲ, ಮೇಷ್ಟರೂ ಸಂಶೋಧನೆ ಮಾಡಲಿ ಎಂಬುದೇ ಇತ್ತು. ಆದರೆ ಅದರಿಂದ ಬೆಳೆದದ್ದು ದುಡ್ಡು ಕೊಟ್ಟರೆ ವಾರದಲ್ಲಿ ಲೇಖನ ಅಚ್ಚು ಹಾಕುವ ನಿಯತಕಾಲಿಕಗಳು. 2018ರ ಮೇ ತಿಂಗಳಲ್ಲಿ ಯುಜಿಸಿಯೇ ತನ್ನ ಅನುಮೋದಿತ ಪಟ್ಟಿಯಿಂದ 4,305 ನಿಯತಕಾಲಿಕಗಳನ್ನು ತೆಗೆದುಹಾಕಬೇಕಾಯಿತು ಎಂದರೆ ಆ ಬೆಳೆ ಎಷ್ಟು ಹುಲುಸಾಗಿತ್ತು ಎಂದು ತಿಳಿಯುತ್ತದೆ. ಯಾರೂ ಓದದ ಇಂಗ್ಲಿಷಿನಲ್ಲಿ, ಯಾರಿಗೂ ಬೇಡದ ವಿಷಯದ ಮೇಲೆ, ಸಂಬಳದಲ್ಲಿ ಉಳಿಸಿದ ದುಡ್ಡು ಕೊಟ್ಟು ನನ್ನ ಒಳ್ಳೆಯ ಗೆಳೆಯರು ಬರೆದರು. ಅವರು ಪಾಠದಲ್ಲಿ ಹೇಳುತ್ತಿದ್ದ ಮಾತುಗಳು ಆ ಲೇಖನಗಳಿಗಿಂತ ಎಷ್ಟೋ ಮೇಲಿನವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆ ಕಾಲದಲ್ಲೇ ನನ್ನ ಬಳಿ ಎಂ.ಎ. ಕೊನೆಯ ಸೆಮಿಸ್ಟರಿನ ಕಿರುಪ್ರಬಂಧಕ್ಕೆ ವಕ್ಕಲೇರಿ ಹೋಬಳಿಯ ಹುಡುಗಿಯೊಬ್ಬಳು ಬಂದಳು. ವಿಷಯ ಹುಡುಕುತ್ತಿದ್ದಳು. ಕಿರುಸಾಲದ ಮೇಲೆ ಮಾಡುತ್ತೇನೆ ಎಂದಳು, ಆಗ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಮನೆಯಲ್ಲಿ ಏನು ಮಾಡುತ್ತಾರೆ ಎಂದು ಕೇಳಿದೆ. ರೇಷ್ಮೆ ಎಂದಳು, ದನಿ ತಗ್ಗಿಸಿ. ಅದನ್ನೇ ಬರಿ ಎಂದೆ. ಒಂದು ಬೆಳೆಗೆ ಮನೆಯ ಹೆಂಗಸರು ಎಷ್ಟು ಹೊತ್ತು ದುಡಿಯುತ್ತಾರೆ, ಆ ದುಡಿಮೆಗೆ ಕೂಲಿ ಕಟ್ಟಿದರೆ ಗೂಡಿನ ಬೆಲೆಯಲ್ಲಿ ಲಾಭ ಉಳಿಯುತ್ತದೆಯೇ ಎಂಬುದು ಪ್ರಶ್ನೆ. ಅವಳು ಸುತ್ತಲಿನ ಹಳ್ಳಿಗಳ ಮನೆಮನೆಗೆ ಹೋಗಿ ಬರೆದುಕೊಂಡು ಬಂದಳು. ಕೋಷ್ಟಕಗಳು ಚೊಕ್ಕಟವಾಗಿದ್ದವು. ರೆಕ್ಸಿನ್ ಹೊದಿಕೆ, ಬಂಗಾರದ ಬಣ್ಣದ ಅಕ್ಷರ, ಒಟ್ಟು ಮೂರು ಪ್ರತಿ.

ಒಂದು ಪ್ರತಿಯನ್ನು ಮನೆಯವರಿಗೆ ತೋರಿಸಬೇಕು ಎಂದು ತೆಗೆದುಕೊಂಡು ಹೋದಳು. ನಾನೂ ಊರಿಗೆ ಹೋಗಿದ್ದವನು ಅವರ ಮನೆಗೆ ಹೋದೆ. ಅವಳ ತಾಯಿ ಸೊಪ್ಪು ಹೆಚ್ಚುತ್ತಿದ್ದವರು ಕೈ ಒರೆಸಿಕೊಂಡು ಬಂದು, ಆ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಪುಟ ತಿರುವಿದರು. ಇಂಗ್ಲಿಷು. ಆಮೇಲೆ ಕೇಳಿದರು: ‘ಸಾರ್, ಈ ಬುಕ್ಕು ಇಲ್ಲಿಂದ ಎಲ್ಲಿಗೋಗ್ತದೆ?’

ವಿಭಾಗದ ಬೀರುವಿಗೆ ಎಂದೆ. ಪರೀಕ್ಷಕರು ನೋಡುತ್ತಾರೆ, ಆಮೇಲೆ ಬೀರು. ‘ನಮ್ಮದೇ ಲೆಕ್ಕ ತಾನೆ ಅದ್ರಾಗಿರೋದು? ನಮಗೂ ಒಂದ್ಸಲ ಓದಿ ಹೇಳ್ಬಾರ್ದಾ?’ ಎಂದರು.

ಆ ಮಾತಿನಲ್ಲಿ ಆಕ್ಷೇಪ ಇರಲಿಲ್ಲ. ಲೆಕ್ಕ ಕೊಟ್ಟವರು ಲೆಕ್ಕ ಕೇಳಿದ್ದರು, ಅಷ್ಟೇ. ಒಂದು ಭಾನುವಾರ ಮಧ್ಯಾಹ್ನ, ಹುಳುವಿಗೆ ಸೊಪ್ಪು ಹಾಕಿದ ಮೇಲಿನ ಬಿಡುವಿನಲ್ಲಿ, ಅವರ ಮನೆಯ ಜಗಲಿಯ ಮೇಲೆ ಆ ಹುಡುಗಿ ಕೋಷ್ಟಕಗಳನ್ನು ಕನ್ನಡದಲ್ಲಿ ಓದಿದಳು, ಅರ್ಥವಾಗದ ಕಡೆ ತೆಲುಗಿನಲ್ಲೂ ಹೇಳಿದಳು. ನಮ್ಮ ಸೀಮೆಯಲ್ಲಿ ಎರಡೂ ಒಟ್ಟಿಗೇ ನಡೆಯುತ್ತವೆ. ಲೆಕ್ಕ ಕೊಟ್ಟ ಹೆಂಗಸರೆಲ್ಲ ಬಂದಿದ್ದರು. ಮೊದಲ ಹತ್ತು ನಿಮಿಷ ಗೌರವದಿಂದ ಕೇಳಿದರು. ದುಡಿಮೆಯ ಗಂಟೆಗಳ ಕೋಷ್ಟಕ ಬಂದಾಗ ಗಲಾಟೆ ಶುರುವಾಯಿತು. ರಾತ್ರಿ ಸೊಪ್ಪು ಎಲ್ಲಿ? ಹತ್ತು ಗಂಟೆಗೆ ಹಾಕುವುದು ಬರೆದಿದ್ದೀಯ, ನಡುರಾತ್ರಿ ಎದ್ದು ನೋಡುವುದು ಎಲ್ಲಿ? ತಟ್ಟೆ ತೊಳೆಯುವುದು, ಕಸ ಹೊರುವುದು, ಚಾಕಿ ಹುಳುವಿಗೆ ಬಿಸಿ ಕಾಯಿಸುವುದು? ಸೂತಕದ ದಿನ ಪಕ್ಕದ ಮನೆಯವಳು ಬಂದು ಮಾಡಿಕೊಟ್ಟದ್ದನ್ನು ಯಾರ ಲೆಕ್ಕಕ್ಕೆ ಹಾಕಿದೆ? ಹುಡುಗಿ ತನ್ನ ಮನೆಯ ಕೆಲಸವನ್ನು ತಾನೇ ದಿನಾ ನೋಡಿದ್ದವಳು; ಆದರೂ ಪ್ರಶ್ನಾವಳಿಯಲ್ಲಿ ಇಲ್ಲದ್ದು ಬರಹಕ್ಕೂ ಬಂದಿರಲಿಲ್ಲ. ಆ ಪ್ರಶ್ನಾವಳಿಯನ್ನು ಬೇರೆ ಯಾವುದೋ ರಾಜ್ಯದ ಅಧ್ಯಯನದಿಂದ ಎತ್ತಿಕೊಂಡಿದ್ದೆವು.

ಅವಳು ಅಲ್ಲೇ ಕೂತು ತಿದ್ದಿದಳು. ಹೊಸ ಲೆಕ್ಕದಲ್ಲಿ ಲಾಭದ ಅಂಕಿ ತೀರಾ ಕೆಳಗಿಳಿಯಿತು. ಹೆಂಗಸರು ಅದನ್ನು ನೋಡಿ ಬೇಸರಪಡಲಿಲ್ಲ, ‘ಈಗ ಸರಿಯಾಯ್ತು’ ಎಂದರು. ನಾನು ಬಹಳ ವರ್ಷ ಸಂಶೋಧನಾ ವಿಧಾನದ ಪಾಠ ಹೇಳಿದ್ದೇನೆ. ದತ್ತಾಂಶದ ವಿಶ್ವಾಸಾರ್ಹತೆ ಎಂಬ ಅಧ್ಯಾಯವನ್ನು ಆ ಜಗಲಿಯಲ್ಲಿ ನಡೆದಷ್ಟು ಚೆನ್ನಾಗಿ ಯಾವ ತರಗತಿಯಲ್ಲೂ ನಡೆಸಲು ನನ್ನಿಂದ ಆಗಿಲ್ಲ. ಆಮೇಲೆ ನನ್ನ ಬಳಿ ಬರೆದ ಎಲ್ಲರಿಗೂ ಅದೇ ನಿಯಮ ಮಾಡಿದೆ: ಲೆಕ್ಕ ಕೊಟ್ಟವರ ಮುಂದೆ ಕನ್ನಡದಲ್ಲಿ ಓದಿ ಬಂದ ಮೇಲೇ ಬೈಂಡಿಂಗು. ಪಂಚಾಯಿತಿಗೆ ಒಂದು ಪ್ರತಿ.

ಇದು ನಾನು ಕಂಡುಹಿಡಿದದ್ದಲ್ಲ ಎಂದು ಹೇಳಲೇಬೇಕು. ತಿಳಿದದ್ದನ್ನು ಜನರಿಗೆ ಕನ್ನಡದಲ್ಲಿ ಹೇಳುವ ಅಭ್ಯಾಸ ನಮ್ಮ ವಿಶ್ವವಿದ್ಯಾಲಯಗಳಿಗೆ ಮೊದಲಿಂದ ಇತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ ಸ್ವಲ್ಪ ಕಾಲಕ್ಕೇ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟರು ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶಯ್ಯಂಗಾರ್ಯರ ಜೊತೆ ಸೇರಿ ಕನ್ನಡದಲ್ಲಿ ‘ವಿಜ್ಞಾನ’ ಎಂಬ ಪತ್ರಿಕೆ ಹೊರಡಿಸಿದ್ದರು. 1930ರ ದಶಕದಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಪ್ರಚಾರೋಪನ್ಯಾಸಕ್ಕೆಂದು ಊರೂರಿಗೆ ಹೋಗಿ ಕನ್ನಡದಲ್ಲಿ ಮಾತಾಡುತ್ತಿದ್ದರು, ಆ ಮಾತುಗಳು ಅಗ್ಗದ ಬೆಲೆಯ ಪುಸ್ತಿಕೆಗಳಾಗಿ ಬರುತ್ತಿದ್ದವು. ಮುಳಬಾಗಿಲಿನ ಡಿ.ವಿ.ಜಿ.ಯವರ ಮಗ ಬಿ.ಜಿ.ಎಲ್. ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿಯವರ ಜೊತೆ ಕೆಲಸ ಮಾಡಿದವರು, ಪಶ್ಚಿಮಘಟ್ಟದ ಒಂದು ಸಸ್ಯವನ್ನು ಗುರುತಿಸಿ ಅದಕ್ಕೆ ಆ ಗುರುವಿನ ಹೆಸರನ್ನೇ ಇಟ್ಟವರು. ಅವರೇ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಅನುಭವದಿಂದ ‘ಹಸುರು ಹೊನ್ನು’ ಬರೆದರು. ಅಂತಾರಾಷ್ಟ್ರೀಯ ವಿಜ್ಞಾನಕ್ಕೂ ಕನ್ನಡದ ಓದುಗನಿಗೂ ಒಬ್ಬರೇ ಮೇಷ್ಟರು ಉತ್ತರ ಕೊಡಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎಚ್. ನರಸಿಂಹಯ್ಯನವರನ್ನು ನೆನೆಯದೆ ಇದು ಮುಗಿಯದು. ಆಗ ಕೋಲಾರ ಜಿಲ್ಲೆಯಲ್ಲೇ ಇದ್ದ ಗೌರಿಬಿದನೂರಿನ ಹೊಸೂರಿನಿಂದ ಬೆಂಗಳೂರಿಗೆ ನಡೆದು ಹೋಗಿ ಓದಿದವರು, ಅಮೆರಿಕದ ಒಹಾಯೊದಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಅವರು 1962ರಲ್ಲಿ ಶುರುಮಾಡಿದ ಬೆಂಗಳೂರು ಸೈನ್ಸ್ ಫೋರಂನಲ್ಲಿ ಯಾರು ಬೇಕಾದರೂ ಹೋಗಿ ಕೂತು ವಿಜ್ಞಾನಿಗಳ ಮಾತು ಕೇಳಬಹುದಿತ್ತು, ಪ್ರಶ್ನೆ ಕೇಳಬಹುದಿತ್ತು. ಗೌರಿಬಿದನೂರಿಗೂ ಬಾಗೇಪಲ್ಲಿಗೂ ಕಾಲೇಜು ತಂದರು. ವಿಶ್ವವಿದ್ಯಾಲಯದವರು ಏನನ್ನು ಕೇಳಬಹುದು, ಯಾರನ್ನು ಕೇಳಬಹುದು ಎಂಬ ಭಯ ನಮ್ಮ ತಲೆಮಾರಿಗೆ ಕಡಿಮೆ ಇದ್ದದ್ದು ಅವರಿಂದ.

ಆ ಧೈರ್ಯ ಬೇಕಾಗಿ ಬಂದ ಸಂದರ್ಭವೊಂದು ನನ್ನ ಕಣ್ಣೆದುರೇ ಬಂತು. 2018ರ ಜೂನಿನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ನರಸಾಪುರದ ಹತ್ತಿರದ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿದ ನೀರು. ಸಾವಿರ ಅಡಿ ಕೊರೆದರೂ ಫ್ಲೋರೈಡಿನ ನೀರು ಬರುವ, ಬಾರದಿದ್ದರೆ ಬರೀ ಧೂಳು ಬರುವ ನಾಡಿನಲ್ಲಿ ತುಂಬಿದ ಕೆರೆ ನೋಡಿ ಮುದುಕರು ಕೈಮುಗಿದರು. ಮುಂದಿನ ತಿಂಗಳೇ ನೊರೆ ಕಾಣಿಸಿತು, ವಿಷಯ ಹೈಕೋರ್ಟಿಗೆ ಹೋಯಿತು. ಹಳ್ಳಿಯವರು ಮೇಷ್ಟರನ್ನು ಹುಡುಕಿಕೊಂಡು ಬಂದು ಕೇಳಿದ್ದು ಸರಳ ಪ್ರಶ್ನೆಗಳು: ಹಸು ಕುಡಿಯಬಹುದಾ? ಹಿಪ್ಪುನೇರಳೆಗೆ ಬಿಟ್ಟರೆ ಹುಳುವಿಗೆ ಏನಾದರೂ ಆಗುತ್ತಾ? ಬೋರಿನ ನೀರು ಕೆಡುತ್ತಾ? ಮೂರನೇ ಹಂತದ ಶುದ್ಧೀಕರಣ ಆಗಬೇಕೆಂದು ಹೋರಾಟಗಾರರು ಹೇಳುತ್ತಿದ್ದರು, ಸಾಕು ಎಂದು ಸರ್ಕಾರ ಹೇಳುತ್ತಿತ್ತು. ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂದದ್ದೂ ನಿಜ, ಜನರ ಅನುಮಾನವೂ ನಿಜ. ಭಾರತೀಯ ವಿಜ್ಞಾನ ಸಂಸ್ಥೆಯವರು ಬಂದು ಮಾದರಿ ತೆಗೆದುಕೊಂಡು ಹೋದರು. ಜಿಲ್ಲೆಯೊಳಗೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಅರ್ಥಶಾಸ್ತ್ರ ಕಲಿಸುವ ಎಷ್ಟೊಂದು ಮೇಷ್ಟರಿದ್ದೆವು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಒಡೆದು ಕೋಲಾರದ ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವೂ ಬಂದಿತ್ತು, ಇನ್ನೂ ಎಳೆಯದು. ತಿಂಗಳಿಗೊಮ್ಮೆ ಒಂದೇ ಕೆರೆಯ ನೀರನ್ನು, ಸುತ್ತಲಿನ ಬಾವಿಗಳ ನೀರನ್ನು ಪರೀಕ್ಷಿಸಿ, ಅಂಕಿಗಳನ್ನು ಕನ್ನಡದಲ್ಲಿ ಪಂಚಾಯಿತಿ ಗೋಡೆಗೆ ಅಂಟಿಸುವ ಕೆಲಸವನ್ನು ಈ ಜಿಲ್ಲೆಯ ಮೇಷ್ಟರೂ ವಿದ್ಯಾರ್ಥಿಗಳೂ ಮಾಡಬೇಕಿತ್ತು, ಈಗಲೂ ಮಾಡಬೇಕು. ಆ ಅಂಕಿಗಳ ಮೇಲೆ ಹಾಲು, ಟೊಮ್ಯಾಟೊ, ರೇಷ್ಮೆ ಮೂರರ ಬದುಕೂ ನಿಂತಿದೆ.

ನರಸಾಪುರದ ಹೆಸರು ಬಂದ ಮೇಲೆ ಅಲ್ಲಿನ ಕಾರ್ಖಾನೆಯ ಮಾತೂ ಬರಬೇಕು. ಅಲ್ಲಿ ವಿಸ್ಟ್ರಾನ್ ಕಂಪನಿ ಐಫೋನ್ ಜೋಡಿಸಲು ಶುರುಮಾಡಿದಾಗ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಪದವಿ ಹಿಡಿದು ಸಾಲಿಗೆ ಸೇರಿದರು. ಜಗತ್ತಿನ ದೊಡ್ಡ ಜ್ಞಾನ ಕಂಪನಿಗಳಲ್ಲಿ ಒಂದರ ಸರಕು ನಮ್ಮ ಹೊಲದಂಚಿಗೆ ಬಂದಿತ್ತು. 2020ರ ಡಿಸೆಂಬರ್ 12ರಂದು ವೇತನದ ವಿಷಯವಾಗಿ ಅಲ್ಲಿ ದೊಡ್ಡ ಗಲಭೆಯಾಯಿತು. ಆಪಲ್ ಆ ಕಂಪನಿಯನ್ನು ಸ್ವಲ್ಪ ಕಾಲ ಪರಿವೀಕ್ಷಣೆಯಲ್ಲಿಟ್ಟಿತು. 2023ರಲ್ಲಿ ಕಾರ್ಖಾನೆ ಟಾಟಾ ಸಮೂಹದ ಕೈಗೆ ಬಂತು. ಗಲಭೆಯಾದ ಕೆಲವು ವಾರಗಳ ಮೇಲೆ ಅಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬ ನನ್ನ ಮನೆಗೆ ಬಂದಿದ್ದ. ನಿವೃತ್ತಿಯ ಮೇಲೂ ಹಳೆಯ ಅಭ್ಯಾಸ, ಹಾಳೆ ಪೆನ್ನು ತೆಗೆದೆ. ಕ್ರೇಮರ್, ಲಿಂಡೆನ್, ಡೆಡ್ರಿಕ್ ಎಂಬ ಮೂವರು 2011ರಲ್ಲಿ ಮಾಡಿದ ಲೆಕ್ಕವೊಂದಿದೆ. ಅಂದಿನ ಐಫೋನಿನ ಮಾರಾಟ ಬೆಲೆಯಲ್ಲಿ ಆಪಲ್ ಪಾಲಿಗೆ ಹೋದದ್ದು ಶೇ. 58.5, ಅದನ್ನು ಜೋಡಿಸಿದ ಚೀನಾದ ಕಾರ್ಮಿಕರಿಗೆ ಶೇ. 1.8. ಅದನ್ನು ಬರೆದು ತೋರಿಸಿದೆ. ಅವನು ಬಹಳ ಹೊತ್ತು ನೋಡಿ, ‘ಆಪಲ್‌ಗೆ ಅಷ್ಟು ಯಾವುದಕ್ಕೆ ಸಾರ್ ಕೊಡ್ತಾರೆ?’ ಎಂದ. ಡಿಸೈನಿಗೆ, ಸಾಫ್ಟ್‌ವೇರಿಗೆ, ಪೇಟೆಂಟಿಗೆ, ಹೆಸರಿಗೆ ಎಂದೆ. ‘ಅದನ್ನ ನಮಗೆ ಯಾಕೆ ಕಲಿಸ್ಲಿಲ್ಲ?’ ಎಂದು ಕೇಳಿದ.

ಅದು ನನ್ನೊಬ್ಬನಿಗೆ ಕೇಳಿದ ಪ್ರಶ್ನೆಯಲ್ಲ. ಕೋಲಾರದ ಟೊಮ್ಯಾಟೊ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡವುಗಳ ಸಾಲಿನಲ್ಲಿದೆ. ಅಲ್ಲಿಗೆ ಬರುವ ಹಣ್ಣಿನ ಬೀಜ ಬಹುಪಾಲು ಖಾಸಗಿ ಕಂಪನಿಗಳದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮೂರು ರೋಗ ತಡೆಯುವ ಅರ್ಕ ರಕ್ಷಕ್ ತಳಿ ಕೊಟ್ಟಿದೆ, ಟಮಕದಲ್ಲೇ ತೋಟಗಾರಿಕಾ ಕಾಲೇಜು ಇದೆ, ಕೃಷಿ ವಿಜ್ಞಾನ ಕೇಂದ್ರ ಇದೆ, ಶ್ರೀನಿವಾಸಪುರದ ಹೊಗಳಗೆರೆಯಲ್ಲಿ ಮಾವಿನ ಸಂಶೋಧನೆ ಇದೆ. ಅವರ ಕೆಲಸಕ್ಕೂ ನಮ್ಮ ಬಿ.ಎ., ಬಿ.ಕಾಂ. ತರಗತಿಗಳಿಗೂ ನಡುವೆ ಒಂದು ಹೆದ್ದಾರಿಯ ಅಂತರವೂ ಇಲ್ಲ. ಆದರೂ ರೈತನ ಮಗ ಬಿ.ಕಾಂ. ಮುಗಿಸುವವರೆಗೆ ಬೀಜದ ಬೆಲೆ ಯಾಕೆ ಹಾಗಿದೆ, ಕ್ರೇಟಿಗೆ ಇವತ್ತು ಎರಡು ಸಾವಿರ ನಾಳೆ ಐವತ್ತು ರೂಪಾಯಿ ಯಾಕಾಗುತ್ತದೆ ಎಂಬುದನ್ನು ಒಂದು ಪಾಠವಾಗಿ ಓದುವುದಿಲ್ಲ.

ಈ ಪಾಠ ಕಲಿಸುವ ಕೆಲಸ ಈಗ ಯಾರ ಕೈಯಲ್ಲಿದೆ ಎಂದು ನೋಡಿದರೆ ಎದೆ ಭಾರವಾಗುತ್ತದೆ. ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಭಾಗವನ್ನು ಹೊತ್ತಿರುವವರು ಅತಿಥಿ ಉಪನ್ಯಾಸಕರು. 2022ರ ಜನವರಿಯಲ್ಲಿ ಸರ್ಕಾರ ಏರಿಸುವ ಮೊದಲು ಅವರಿಗೆ ಸಿಗುತ್ತಿದ್ದದ್ದು ತಿಂಗಳಿಗೆ ಹನ್ನೊಂದೋ ಹದಿಮೂರೋ ಸಾವಿರ, ಅದೂ ವರ್ಷದ ಎಲ್ಲ ತಿಂಗಳೂ ಅಲ್ಲ. ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂಬವರಿಗೆ ಒಂದು ಕೆರೆಯನ್ನು ಐದು ವರ್ಷ ಅಳೆಯಿರಿ ಎಂದು ಹೇಗೆ ಹೇಳುವುದು? ಜ್ಞಾನ ಆರ್ಥಿಕತೆ ಎಂದು ನೂರು ಸಲ ಹೇಳುವ ರಾಜ್ಯ ಆ ಜ್ಞಾನ ಕಲಿಸುವವರಿಗೆ ವರ್ಷಪೂರ್ತಿ ಸಂಬಳ ಕೊಡಬೇಕು, ಖಾಲಿ ಹುದ್ದೆ ತುಂಬಬೇಕು. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಆದರೂ ಕೆಲಸ ನಿಂತಿಲ್ಲ. ಜಗಲಿಯ ಮೇಲೆ ಲೆಕ್ಕ ಓದಿದ ಆ ಹುಡುಗಿ ಈಗ ತಾನೇ ಅತಿಥಿ ಉಪನ್ಯಾಸಕಿ. ಶನಿವಾರ ಮಧ್ಯಾಹ್ನ ತನ್ನ ಬಿ.ಎ. ವಿದ್ಯಾರ್ಥಿಗಳನ್ನು ಟೊಮ್ಯಾಟೊ ಬೆಳೆಯುವ ಹಳ್ಳಿಗಳಿಗೆ ಕರೆದೊಯ್ಯುತ್ತಾಳೆ. ಬೀಜ, ನಾರು, ಕೋಲು, ಔಷಧಿ, ಕೂಲಿ, ಕ್ರೇಟು, ಲಾರಿ ಬಾಡಿಗೆ, ಮಂಡಿ ಕಮಿಷನ್ ಎಲ್ಲವನ್ನೂ ಸಾಲು ಸಾಲಾಗಿ ಬರೆಸುತ್ತಾಳೆ, ಆಮೇಲೆ ಬೆಳೆದವರ ಮುಂದೆಯೇ ಓದಿಸಿ ತಿದ್ದಿಸುತ್ತಾಳೆ. ಬಸ್ ಚಾರ್ಜು ಅವಳದೇ. ಆ ಮಕ್ಕಳ ಕನ್ನಡದ ವರದಿಗಳಿಗೆ ಎಲ್ಲೂ ಅಂಕವಿಲ್ಲ, ಅವಳ ಕಾರ್ಯಭಾರದ ಪಟ್ಟಿಯಲ್ಲಿ ಆ ಶನಿವಾರಗಳಿಗೆ ಕಲಂ ಇಲ್ಲ. ಪಠ್ಯಕ್ರಮ ಸಮಿತಿಯ ಪರಿಚಿತರು ಎಲ್ಲಿ ಸಿಕ್ಕರೂ ನಾನು ಇದೊಂದನ್ನೇ ಕೇಳುತ್ತಿದ್ದೇನೆ: ಅದನ್ನು ವಾರದ ಕಾರ್ಯಭಾರದೊಳಗೆ ಸೇರಿಸಿ, ಪರೀಕ್ಷೆಯಲ್ಲಿ ಅದಕ್ಕೆ ಅಂಕ ಕೊಡಿ, ಅವಳಿಗೆ ಬಸ್ ಚಾರ್ಜು ಕೊಡಿ.